ಸ್ವೀಡನ್ನಿನ ಬಿಟ್ಟ ಹೊಲದಾಗ ನಾ ಕಸ ಕಿತ್ತಿದ್ದು

ಆಗ ನಂಗ ಅರವತ್ತೊಂಬತ್ತು. ಆ ಮಾತಿಗೆ ಈಗ ಮೂರು ವರ್ಷ ಆತು. ಅಲ್ಲೀತನಕ ನಾ ಹೋಗಿದ್ದ ದೂರದ ಊರು ಅಂದ್ರ ಪಂಢರಪುರ. ಅದಕ್ಕಿಂತ ಮುಂದ ಹೋಗಬೇಕು ಅನ್ನೋ ಆಸೆ ಇರಲೂ ಇಲ್ಲ. ಸ್ವೀಡನ್ ಅನ್ನೋ ದೇಶಕ್ಕ ಹೋಗಿದ್ದು ದೇಶ ನೋಡಾಕಲ್ಲ, ನನ್ನ ಹೊಲದ ಸಲುವಾಗಿ. ಹೋಗಿ ಬಂದಾಗಿಂದ ಮಂದಿ ಕೇಳಿದ್ದ ಕೇಳ್ತಾರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯಾಕತ್ತೈತಿ. ಅದಕ್ಕ ಒಮ್ಮೆ ಬರದು ಬಿಡ್ತೀನಿ.

ಮೇಡ್ಲೇರಿ

ಮೇಡ್ಲೇರಿಯಿಂದ ಐರಣಿ ಕಡೆ ಹೋಗೋ ದಾರ್ಯಾಗ ನಂದೊಂದು ಹೊಲ ಐತಿ. ಹೊಲ ಅನ್ನಬೇಕು ಅಷ್ಟ, ಅದರಾಗ ಯಾರೂ ಯಾವತ್ತೂ ಬಿತ್ತಿಲ್ಲ. ಗರಸು ನೆಲ, ಉಳಾಕ ರಂಟಿ ಇಳಿಯೂದಿಲ್ಲ. ನಮ್ಮ ಮಾವ ನೋಡಿ ಬಿಟ್ಟ, ನನ್ನ ಗಂಡನೂ ಬಿಟ್ಟ. ಹುಲ್ಲು ತಾನಾಗೇ ಬೆಳೀತೈತಿ. ನನ್ನ ಎರಡು ಎಮ್ಮಿ ಮೇಯ್ತಾವ. ಹೊತ್ತು ಇಳಿಯೋ ಮುಂದ ಚಿಗರಿ ಹಿಂಡು ಬಂದು ನಿಂದರ್ತೈತಿ.

ಆ ಹೊಲದ ಮ್ಯಾಲೆ ಇಬ್ಬರ ಕಣ್ಣಿತ್ತು.

ಒಬ್ಬಾಂವ ನನ್ನ ಮೈದುನ ಚನ್ನಪ್ಪ. ಬ್ಯಾಡಗ್ಯಾಗ ಮೆಣಸಿನಕಾಯಿ ಅಂಗಡಿ ಅವಂದು. "ವೈನಿ, ಈಗ ರಂಟಿ ಕಾಲ ಹೋತು. ಜೆಸಿಬಿ ಹಚ್ಚಿ ಗರಸು ತೆಗಸ್ತೀನಿ, ಕೆರಿ ಮಣ್ಣು ಹಾಕಸ್ತೀನಿ, ಗೋವಿನಜೋಳ ಹೆಂಗ ಬರತೈತಿ ನೋಡ್ರಿ," ಅಂತ ವರ್ಷಾ ವರ್ಷಾ ಅದ ಹಾಡು.

ಇನ್ನೊಂದು ಕಣ್ಣು ಹುಲ್ಲಾಫೀಸಿಂದು. ರಾಣೇಬೆನ್ನೂರಿನ ಹೊರಗ ಒಂದು ಕಟ್ಟಡ ಆಗೇತಿ, ಪರಿಸರ ಸಂಶೋಧನೆಯ ಠಾಣೆ ಅಂತ ಬೋರ್ಡು. ಮಳಿ ಅಳೀತಾರ, ಹುಲ್ಲು ಅಳೀತಾರ, ಹುಳ ಹಿಡದು ನೋಡಿ ಬಿಡ್ತಾರ. ಊರ ಮಂದಿ ಹೆಸರು ಉದ್ದಾತು ಅಂತ ಹುಲ್ಲಾಫೀಸು ಅಂದ್ರು, ಅದ ಉಳೀತು. ಇಂಥಾ ಠಾಣೆ ದೇಶದ ತುಂಬ ಮಾಡಿ ಒಂದಕ್ಕೊಂದು ಜೋಡಸ್ತಾರಂತ. ಒಂದು ಗುಡ್ಡದಾಗ, ಒಂದು ಸಮುದ್ರದ ದಂಡ್ಯಾಗ, ಒಂದು ಹುಲ್ಲಿನಾಗ. ಹುಲ್ಲಿನ ಪಾಳಿ ನಮ್ಮ ಸೀಮಿಗೆ ಬಂದೈತಿ.

ಆ ಆಫೀಸಿನ ಮುಖ್ಯಸ್ಥಿ ಶಾರದಾ ಮೇಡಮ್ಮ. ಧಾರವಾಡದ ಹುಡುಗಿ, ಡಾಕ್ಟರ್ ಅಂತಾರ, ಆದ್ರ ಜ್ವರಕ್ಕ ಗುಳಗಿ ಕೊಡೂದಿಲ್ಲ. ನಮ್ಮ ಕಟ್ಟಿ ಮ್ಯಾಲೆ ಕುಂತು ಆಕಿ ಹೇಳಿದ್ದು ಇಷ್ಟು: ನನ್ನ ಹೊಲದ ಅರ್ಧಕ್ಕ ಬೇಲಿ ಹಾಕ್ತಾರ. ಮೂವತ್ತು ವರ್ಷ ಅದರಾಗ ಯಾರೂ ಕಾಲಿಡಂಗಿಲ್ಲ, ಒಂದು ಕಡ್ಡಿ ಕೀಳಂಗಿಲ್ಲ. ಉಳದ ಅರ್ಧದಾಗ ಎಮ್ಮಿ ಮೊದಲಿನಂಗ ಮೇಯ್ಲಿ. ಎರಡರ ನಡುವ ಏನು ಫರಕ್ ಬರತೈತಿ ಅಂತ ನೋಡ್ತಾರ. ಎಂದೂ ರಂಟಿ ಹೊಡೀದ ನೆಲ ಈ ಕಡೆ ಭಾಳ ಉಳದಿಲ್ಲ ಅಂದ್ಲು.

"ನಾನೂ ಕಾಲಿಡಬಾರದೇನ?" ಅಂದೆ.

"ನೀವೂ ಇಡಬಾರದರಿ ಅವ್ವಾರ."

"ಸತ್ತ ಮ್ಯಾಲೆ ನನ್ನ ಅಲ್ಲೇ ಮಣ್ಣು ಮಾಡಬೇಕು ಅಂತ ಇದ್ದೆ."

"ನೆಲ ಅಗದಂಗ ಆಗತೈತಲ್ರಿ. ಎಮ್ಮಿ ಮೇಯೋ ಅರ್ಧದಾಗ ಮಾಡಬಹುದು," ಅಂದ್ಲು.

ಕೊಡೂದಕ್ಕ ನಂಗ ಸಂಕಟ ಇರಲಿಲ್ಲ. ಕಾಯ್ತಾರೋ ಇಲ್ಲೋ ಅನ್ನೂದ ಸಂಕಟ. ನಾ ನೋಡೇನಲ್ಲ. ಸಾಲಿ ಮುಂದ ಹವಾಮಾನ ಅಳಿಯೂದಂತ ಒಂದು ಬಿಳೇ ಪೆಟಿಗಿ ನಿಲ್ಲಿಸಿದ್ರು, ಅದರಾಗ ಈಗ ಯಾರದೋ ಕೋಳಿ ತತ್ತಿ ಇಡ್ತೈತಿ. ನದಿ ಕಡೆ ಸಸಿ ಬೆಳಸ್ತೀವಿ ಅಂತ ಬೇಲಿ ಹಾಕಿದ್ರು. ಮೊದಲ ತಂತಿ ಹೋತು, ಆಮ್ಯಾಲೆ ಕಂಬ ಹೋದ್ವು, ಆಮ್ಯಾಲೆ ಆಫೀಸರು ಹೋದ್ರು. ನನ್ನ ಹೊಲ ಹಂಗಾದ್ರ ಅದು ನಂದೂ ಅಲ್ಲ, ಹುಲ್ಲಿಂದೂ ಅಲ್ಲ.

ಇದನ್ನ ಹೇಳಿದ್ರ ಶಾರದಾ ಮೇಡಮ್ಮ ನಗಾಡ್ಕೊಂತ, "ಹಂಗಾಗೂದಿಲ್ರಿ ಅವ್ವಾರ, ನಿಮ್ಮ ಮನಸಿನಂಗ ಆಗ್ಲಿ," ಅಂತಿದ್ಲು. ಚಹಾ ಬೆಲ್ಲದ್ದು ಕೊಟ್ರೂ ಹೂಂ, ಸಕ್ಕರಿದು ಕೊಟ್ರೂ ಹೂಂ. ಎರಡು ವರ್ಷದಾಗ ಒಂದು ಒರಟು ಮಾತಿಲ್ಲ. ಎಲ್ಲದಕ್ಕೂ ಹೂಂ ಅನ್ನೋ ಮಂದಿ ಕಂಡ್ರ ನಂಗ ಅಂಜಿಕಿ.

ಅಂಥಾದ್ರಾಗ ಸ್ವೀಡನ್ನಿನಿಂದ ಆಕಿಗೆ ಕರೆ ಬಂತು. ಅಲ್ಲೆ ಇಂಥಾ ಠಾಣೆಗಳು ದೇಶದ ತುಂಬ ಮೊದಲ ಜೋಡಿಸಿ ಆಗೇತಂತ. ಬಂದು ನೋಡ್ರಿ, ಹೊಲದ ಮಂದಿನೂ ಕರಕೊಂಡು ಬರ್ರಿ ಅಂದಿದ್ರು.

"ನಿಮ್ಮ ಕಣ್ಣಿಲೆ ನೋಡ್ರಿ ಅವ್ವಾರ, ಆಮ್ಯಾಲೆ ಹೇಳ್ರಿ," ಅಂದ್ಲು.

ಚನ್ನಪ್ಪ ಬಿದ್ದು ಬಿದ್ದು ನಕ್ಕ. "ವೈನಿ, ಹುಲ್ಲು ನೋಡಾಕ ವಿಮಾನ ಹತ್ತತೀರೇನ?"

"ನೀನೂ ಬಾ. ಆಮ್ಯಾಲೆ ಆ ಹುಡುಗಿ ನನ್ನ ತಲಿ ಕೆಡಿಸಿದ್ಲು ಅನ್ನೂದು ಬ್ಯಾಡ."

"ಬರ್ತೀನಿ. ವಾಪಸ್ ಬಂದ ಮರುದಿನ ಒಂದು ಮಾತು ಹೇಳ್ಬೇಕು ಮತ್ತ. ಜೆಸಿಬಿಯವಂಗ ಹೇಳಿ ಇಟ್ಟಿರ್ತೀನಿ."

ಆತು ಅಂದೆ. ಇಬ್ಬರಿಗೂ ಅದ ಮಾತು ಕೊಟ್ಟೆ.

ವಿಮಾನ ಇಳದ ಊರು

ವಿಮಾನದ ಸುದ್ದಿ ಏನೂ ಇಲ್ಲ. ಕುಂದ್ರೂದು, ಅವರು ಕೊಟ್ಟಾಗ ತಿನ್ನೂದು. ನಮ್ಮ ಕೆಂಪು ಬಸ್ಸಿನ್ಯಾಗ ಕಿಡಕಿ ತಗೀಬಹುದು, ಇದರಾಗ ಇಲ್ಲ.

ಸ್ಟಾಕ್‌ಹೋಮ್ ಅನ್ನೋ ಊರಾಗ ಇಳದ್ವಿ. ಚನ್ನಪ್ಪನ ಚೀಲದಾಗ ಒಂದು ಡಬ್ಬಿ ಬ್ಯಾಡಗಿ ಕಾರಪುಡಿ ಇತ್ತು. ತಪಾಸಣಿಯವಾಂವ ಡಬ್ಬಿ ತಗದು ಆ ಕೆಂಪು ನೋಡಿ ಹಿಂದ ಸರದ. ಚನ್ನಪ್ಪಗ ಅಂಗಡ್ಯಾಗ ಕುಂತಂಗ ಆತು. "ಬಣ್ಣ ಅಷ್ಟರಿ ಸಾಹೇಬ್ರ, ಖಾರ ಇಲ್ಲ. ಮೂಸಿ ನೋಡ್ರಿ," ಅಂತ ಡಬ್ಬಿ ಅವನ ಮೂಗಿಗೆ ಹಿಡದ. ಆ ಮನಿಷಾ ಸೀನಿದ್ದು ಸೀನಿದ್ದ. ಶಾರದಾ ಮೇಡಮ್ಮ ಕೈ ಮುಗದು ಬಿಡಿಸ್ಕೊಂಡು ಬಂದ್ಲು.

ಅಲ್ಲಿ ಹಳ್ಳಿ ಕಡೆ ಮನಿ ಎಲ್ಲಾ ಕಟಿಗಿವು, ಎಲ್ಲಾ ಕೆಂಪು. ಒಣಗಿದ ಬ್ಯಾಡಗಿ ಕಾಯಿಯ ಬಣ್ಣ ಬರೋಬರಿ. "ನಮ್ಮ ಪುಡಿನ ಬಳದಾರ ನೋಡ್ರಿ ವೈನಿ," ಅಂದ ಚನ್ನಪ್ಪ. ಆಮ್ಯಾಲೆ ಹೋದ ಕಡೆಲ್ಲಾ ಅದನ್ನ ಹೇಳಿದ.

ಬಸ್ಸಿಗೆ ನಿಂತ ಮಂದಿ ಒಬ್ಬರಿಂದ ಒಬ್ಬರು ದೂರ ನಿಂದರ್ತಾರ. ನಡುವ ಒಂದು ಎಮ್ಮಿ ಹಾದು ಹೋಗಬಹುದು. ಯಾರೂ ನೂಕೂದಿಲ್ಲ, ಯಾರೂ ಮಾತಾಡೂದಿಲ್ಲ. ನಾ ಒಬ್ಬಾಕಿ ಬಾಜೂಕ ಹೋಗಿ ನಿಂತೆ. ಆಕಿ ಸರದು ನಿಂತ್ಲು. ನಾನೂ ಸರದೆ. ಹಂಗ ಮಾಡ್ತಾ ಮಾಡ್ತಾ ಇಬ್ಬರೂ ಬಸ್ಸು ನಿಲ್ಲೋ ಜಾಗ ದಾಟಿ ಹೋಗಿದ್ವಿ. ಶಾರದಾ ಮೇಡಮ್ಮ ಕರದ್ಲು.

ಒಂದು ಚಲೋ ಕಂಡೆ. ಮನ್ಯಾಗ ಹೋಗೂಕ ಮುಂಚೆ ಎಲ್ಲಾರೂ ಬೂಟು ಹೊರಗ ಬಿಡ್ತಾರ. ಸಿನಿಮಾದಾಗ ಬಿಳೇ ಮಂದಿ ಬೂಟಗಾಲಿಲೆ ಹಾಸಿಗಿ ಮ್ಯಾಲೆ ಬೀಳೂದು ನೋಡಿದ್ದೆ. ಇವರು ಹಂಗಲ್ಲ.

ಕೆರಿ ಠಾಣೆ

ಮೊದಲ ಹೋಗಿದ್ದು ಒಂದು ಕೆರಿ ದಂಡ್ಯಾಗಿನ ಠಾಣೆಗೆ. ಕೆರಿ ಅಂದ್ರ ನಮ್ಮ ಕೆರಿಯಂಗಲ್ಲ, ಆಚಿ ದಂಡಿ ಹುಡುಕಬೇಕು. ಅಷ್ಟು ನೀರಿದ್ರೂ ಯಾರೂ ಅರಿವಿ ಒಗಿಯೂದಿಲ್ಲ, ಒಂದು ದನಾ ಬಿದ್ದಿಲ್ಲ. ನಟ್ಟ ನಡುವ ತೇಲೋ ಹಲಗಿ, ಅದರ ಮ್ಯಾಲೆ ಪೆಟಿಗಿ ಜೋಡಿಸ್ಯಾರ. ಗಾಳಿ, ಬಿಸಿಲು, ನೀರಿನ ಬೆಚ್ಚಗ ತಂಪು ಎಲ್ಲಾ ಅದು ತಾನಾಗೇ ನೋಡ್ತೈತಂತ. ಆದ್ರೂ ಒಬ್ಬ ಮನಿಷಾ ವಾರಾ ವಾರಾ ದೋಣ್ಯಾಗ ಹೋಗಿ, ಅದ ಜಾಗದಾಗ ಅದ ಥರದ ಬಾಟ್ಲಿ ಇಳಿಸಿ ನೀರು ತರ್ತಾನ. ಚಳಿಗಾಲದಾಗ ಕೆರಿ ಕಲ್ಲಾಗತೈತಿ, ಆಗ ತೂತು ಕೊರದು ತಗೀತಾರ.

"ಒಂದು ವಾರ ಬಿಟ್ರ ಏನಾತು? ನೀರೇನ್ ಓಡಿ ಹೋಗತೈತೇನ?" ಅಂತ ಕೇಳ್ಸಿದೆ.

ಶಾರದಾ ಮೇಡಮ್ಮ ಅವರ ಮಾತು ಕೇಳಿ ನಂಗ ಹೇಳಿದ್ಲು. "ಬಿಟ್ಟ ವಾರಕ್ಕ ವಾಪಸ್ ಹೋಗಾಕ ಬರೂದಿಲ್ಲಲ್ರಿ. ಮತ್ತ ಎಲ್ಲಾ ಠಾಣ್ಯಾಗೂ ಒಂದ ಪದ್ಧತಿ. ಒಬ್ಬರು ತಪ್ಪಿದ್ರ ಉಳದವರಿಗೆ ಹೋಲಸಾಕ ಬರೂದಿಲ್ಲ. ಒಂದ ಠಾಣೆ ನೋಡಿದ್ರ ಆ ಊರಿನ ಸುದ್ದಿ ತಿಳೀತೈತಿ. ಎಲ್ಲಾ ಕೂಡಿ ನೋಡಿದ್ರ ದೇಶಕ್ಕ ಏನಾಗಾಕತ್ತೈತಿ ಅಂತ ತಿಳೀತೈತಿ."

ನಮ್ಮ ಕಡೆ ಒಂದು ಊರಿನ ಸೇರು ಇನ್ನೊಂದು ಊರಾಗ ಸೇರಲ್ಲ. ಇವರು ದೇಶಕ್ಕೆಲ್ಲಾ ಒಂದ ಬಾಟ್ಲಿ ಇಟ್ಟಾರ.

ಅವತ್ತ ನಾವೂ ದೋಣ್ಯಾಗ ಹೋದ್ವಿ. ಗಾಳಿ ಬಂದು ಚನ್ನಪ್ಪನ ಬಿಳೇ ಟೋಪಿ ಕೆರ್‍ಯಾಗ ಬಿತ್ತು, ಬಾಟ್ಲಿ ಇಳಿಸಿದ್ದ ಜಾಗದಾಗ. ದೋಣಿಯವಾಂವ ಟೋಪಿ ಎತ್ತಿ ಕೊಟ್ಟ, ಆಮ್ಯಾಲೆ ಏನೋ ಕೇಳಿದ.

"ಟೋಪಿಗೆ ಏನಾರ ಹಚ್ಚೀರೇನು ಅಂತ ಕೇಳಾಕತ್ತಾನ್ರಿ," ಅಂದ್ಲು ಶಾರದಾ ಮೇಡಮ್ಮ.

"ಗಂಜಿ ಹಾಕಿಸೀನಿ," ಅಂದ ಚನ್ನಪ್ಪ.

"ನೀಲಿನೂ ಹಾಕಿಸೀಯಲ್ಲ," ಅಂದೆ ನಾ.

"ವೈನಿ, ಅದನ್ಯಾಕ ಹೇಳಿದ್ರಿ!"

ಆ ಹುಡುಗ ಒಂದಿಷ್ಟೂ ನಗಲಿಲ್ಲ. ಗಂಜಿ ಬಿತ್ತು, ನೀಲಿ ಬಿತ್ತು ಅಂತ ಬರಕೊಂಡ. ಬಾಟ್ಲ್ಯಾಗಿನ ನೀರು ಚೆಲ್ಲಿ, ದೂರ ಹೋಗಿ ಒಂದಿಷ್ಟು ಹೊತ್ತು ಕುಂತು, ತಿರುಗಿ ಬಂದು ಬ್ಯಾರೆ ತಗೊಂಡ. ಚನ್ನಪ್ಪ ಟೋಪಿ ಹಿಂಡಿ ಕಿಸೆದಾಗ ಇಟ್ಟಾಂವ, ಆ ದೇಶದಾಗ ಇರೋತನಕ ತಗೀಲಿಲ್ಲ.

ಅಡವಿ ಠಾಣೆ

ಅಲ್ಲಿಂದ ಅಡವಿಗೆ ಹೋದ್ವಿ. ಒಂದ ಜಾತಿ ಗಿಡ, ನೆಟ್ಟಗ, ಕಂಬ ನಿಲ್ಲಿಸಿದಂಗ. ನಡುವ ಕಬ್ಬಿಣದ ಎತ್ತರದ ಗೋಪುರ. ಅಡವಿ ಎಷ್ಟು ಉಸಿರು ತಗೋತೈತಿ, ಎಷ್ಟು ಬಿಡ್ತೈತಿ ಅಂತ ಅಲ್ಲೆ ಅಳೀತಾರಂತ. ನಂಗ ತಿಳೀಲಿಲ್ಲ. ತಿಳದಂಗ ತಲಿ ಆಡಿಸೂದು ನಂಗ ಬರೂದಿಲ್ಲ. ತಿಳೀಲಿಲ್ಲ ಅಂತ ಹೇಳಿದೆ. ಮತ್ತೊಮ್ಮೆ ಹೇಳಿದ್ರು, ಮತ್ತೂ ತಿಳೀಲಿಲ್ಲ. ಬಿಟ್ಟೆ.

ಗೋಪುರದ ಆಚೆ ನೆಲದ ತುಂಬ ಸಣ್ಣ ಸಣ್ಣ ಕೆಂಪು ಹಣ್ಣು, ಕರೇ ಹಣ್ಣು. ಒಬ್ಬ ಮುದುಕ ಬಕೀಟು ಹಿಡಕೊಂಡು ಆರಸಾಕತ್ತಿದ್ದ.

"ಅಡವಿ ಆ ಅಜ್ಜಂದೇನು?" ಅಂತ ಕೇಳಿದೆ.

"ಅಲ್ರಿ. ಇಲ್ಲೆ ಯಾರ ಅಡವ್ಯಾಗಾದ್ರೂ ಯಾರು ಬೇಕಾದ್ರೂ ಅಡ್ಡಾಡಬಹುದು, ಹಣ್ಣು ಆರಿಸಬಹುದು. ಅದು ಇವರ ಹಳೇ ಪದ್ಧತಿ," ಅಂದ್ಲು ಶಾರದಾ ಮೇಡಮ್ಮ.

ನಂಗ ನಂಬಿಕಿ ಬರಲಿಲ್ಲ. ನನ್ನ ಬದುವಿನ ಬಾರಿ ಹಣ್ಣಿನ ಗಿಡಕ್ಕ ಯಾರಾರ ಕೈ ಹಾಕಿದ್ರ ಸಂಜೀತನಕ ಜಗಳ ನಡೀತೈತಿ. ಜಗಳ ತಗಿಯಾಕಿ ನಾನ. ಚನ್ನಪ್ಪ ಮಾತ್ರ ಕೇಳಿದ ತಕ್ಷಣ ಟಾವೆಲ್ ಹಾಸಿ ಆರಸಾಕ ಹತ್ತಿದ. ಅಂಗಿ ಮ್ಯಾಲೆಲ್ಲಾ ಕಲಿ ಮಾಡ್ಕೊಂಡ. "ಯಾರೂ ಬೈಯೂದಿಲ್ಲೇನ?" ಅಂತ ನಡುನಡುವ ಕೇಳ್ತಿದ್ದ. ಯಾರೂ ಬೈಲಿಲ್ಲ.

ಈ ದೇಶದಾಗ ಎಲ್ಲಿ ಬೇಕಾದ್ರೂ ಕೈ ಹಾಕಬಹುದು ಅಂತ ನನ್ನ ತಲ್ಯಾಗ ಕುಂತಿದ್ದು ಅಲ್ಲೆ. ಮುಂದ ಆಗಿದ್ದಕ್ಕ ಇದೂ ಒಂದು ಕಾರಣ.

ಬಿಟ್ಟ ಹೊಲ

ಕಡೀಕ ಹೋಗಿದ್ದು ಒಂದು ಹೊಲದ ಠಾಣೆಗೆ. ಅಲ್ಲಿ ನೋಡಿಕೊಳ್ಳಾಕಿ ಇಂಗ್ರಿಡ್ ಅಂತ. ಹೆಚ್ಚು ಕಡಿಮಿ ನನ್ನ ವಾರಿಗಿ ಇರಬೇಕು. ಕತ್ತರಿಸಿದ ಬಿಳೇ ಕೂದಲ, ಮೊಣಕಾಲ ಮಟ ರಬ್ಬರ ಬೂಟು, ನಡಿಗಿ ಗಂಡಸಿನ್ಹಂಗ.

ಆಕಿ ನಮ್ಮನ್ನ ಮೊದಲ ಅಡಗಿ ಮನ್ಯಾಗ ಕುಂದ್ರಿಸಿದ್ಲು. ನಾವು ಮೀನು ಮಾಂಸ ತಿನ್ನೂದಿಲ್ಲ ಅಂತ ತಿಳಕೊಂಡು ಬಟಾಣಿ ಸಾರು ಮಾಡಿದ್ಲು. ಬಾಜೂಕ ಇಟ್ಟಿದ್ದು ನೋಡಿ ನಾ ಚನ್ನಪ್ಪನ ಮಾರಿ ನೋಡಿದೆ. ಖಡಕ್ ರೊಟ್ಟಿ! ದುಂಡಗ, ತೆಳ್ಳಗ, ಮುರಿದ್ರ ಪಟ್ ಅನ್ನೂದು. ನಡುವ ಒಂದು ತೂತು ಐತಿ ಅಷ್ಟ ಫರಕ್. ಮೊದಲ ಆ ತೂತಿನಾಗ ಕೋಲು ಹಾಕಿ ಅಟ್ಟಕ್ಕ ನೇತ ಹಾಕಿ ತಿಂಗಳಗಟ್ಟಲೆ ಇಡ್ತಿದ್ರಂತ. ನಾ ಚೀಲದಾಗಿನ ನಮ್ಮ ಸಜ್ಜಿ ರೊಟ್ಟಿ ತಗದು ಇಟ್ಟೆ. ಆಕಿ ಒಂದು ಮುರದ್ಲು, ನಾ ಒಂದು ಮುರದೆ. ಚನ್ನಪ್ಪ ಬೆಣ್ಣಿ ಮ್ಯಾಲೆ ಕಾರಪುಡಿ ಉದುರಿಸಿ ಕೊಟ್ಟ. ಆಕಿ ಕಣ್ಣು ಮುಚ್ಚಿ ಬಾಯಾಗ ಹಾಕ್ಕೊಂಡು, ಉರಿ ಬರತೈತಿ ಅಂತ ಕಾದ್ಲು. ಬರಲಿಲ್ಲ. ಕಣ್ಣು ತಗದು ನಕ್ಕು ಇನ್ನೊಂದಿಷ್ಟು ಉದುರಿಸ್ಕೊಂಡ್ಲು. ಚಲೋ ಹೆಣಮಗಳು ಅನಿಸ್ತು.

ಊಟ ಆಗಿ ಹೊಲಕ್ಕ ಹೋದ್ವಿ. ಹೊಲ ಅಂದ್ರ ಬರೇ ಹುಲ್ಲು, ಗಿಡಗಂಟಿ. ಮೊದಲೊಮ್ಮೆ ಬಿತ್ತೋ ಹೊಲನ ಅದು. ಆಮ್ಯಾಲೆ ಬೇಕಂತನ ಬಿಟ್ಟಾರ, ತಾನಾಗೇ ಏನಾಗತೈತಿ ನೋಡೂಣು ಅಂತ. ಸುತ್ತ ಒಂದು ಹಗ್ಗ, ಹಗ್ಗಕ್ಕ ಒಂದು ಬೋರ್ಡು. ಇಂಗ್ರಿಡ್ ಮತ್ತ ಶಾರದಾ ಮೇಡಮ್ಮ ಇಂಗ್ಲಿಷಿನ್ಯಾಗ ಮಾತಿಗೆ ನಿಂತ್ರು. ಮುಗಿಯೂ ಮಾತಲ್ಲ ಅದು. ಚನ್ನಪ್ಪ ಬೆಂಚಿನ ಮ್ಯಾಲೆ ಒರಗಿ ಗೊರಕಿ ಹೊಡಿಯಾಕ ಹತ್ತಿದ. ನಾ ಹಗ್ಗದ ಬಾಜೂಕ ನೆಲಕ್ಕ ಕುಂತೆ.

ನನ್ನ ಕಣ್ಣ ಮುಂದ ಒಂದು ಮುಳ್ಳಿನ ಕಸ. ಎದಿ ಮಟ ಎದ್ದಿತ್ತು. ನೀಲಿ ಹೂ ಒಣಗಿ, ಹತ್ತಿ ಅರಳಿಯಂಗ ಆಗಿ, ಗಾಳಿ ಬಂದ್ರ ಬೀಜ ಹಾರೂ ಹದಕ್ಕ ಬಂದಿತ್ತು. ಕಸ ಬೀಜ ಆಗೋತನಕ ಬಿಡೂದು ಅಂದ್ರ ನಮ್ಮ ಕಡೆ ಆ ಮನಿ ಹೆಂಗಸರ ಮಾನ ಹೋದಂಗ. ಮತ್ತ ನಮ್ಮಲ್ಲೆ ಮುಯ್ಯಾಳು ಅಂತ ಐತಿ. ಇವತ್ತ ನಾ ನಿನ್ನ ಹೊಲದಾಗ ದುಡದ್ರ ನಾಳೆ ನೀ ನನ್ನ ಹೊಲದಾಗ ದುಡೀತಿ. ಉಂಡ ಮನಿ ಹೊಲಕ್ಕ ಹೋದ್ರ ಕೈ ಕಟ್ಟಿ ಕುಂದ್ರಾಕ ಬರೂದಿಲ್ಲ. ಮಾತಾಡ್ತಾ ಮಾತಾಡ್ತಾ ನಾಕು ಕಸ ಕಿತ್ತು ಬದುವಿಗೆ ಒಗದು ಬರಬೇಕು. ಪಾಪ, ವಯಸ್ಸಾದಾಕಿ, ಒಬ್ಬಾಕಿ ಎಷ್ಟಂತ ಕೀಳ್ತಾಳ ಅನಿಸ್ತು.

ಹಗ್ಗದ ಕೆಳಗ ತೂರಿದೆ. ಸೆರಗು ಕೈಗೆ ಸುತ್ತಿಕೊಂಡು ಬುಡಕ್ಕ ಹಿಡದು ಎಳದೆ. ಮಳಿ ಆಗಿತ್ತು, ಬೇರು ಸಹಿತ ಬಂತು. ನೆಲ ಮೆತ್ತಗಿದ್ರ ಕಸ ಕೀಳೂದು ಒಂದು ಸುಖ. ಒಂದು ಕಿತ್ತೆ, ಇನ್ನೊಂದು ಕಿತ್ತೆ. ಹಂಗ ಕುಕ್ಕರಗಾಲಿಲೆ ಮುಂದ ಮುಂದ ಹೋದೆ. ಒಂದು ಹಾಸಿಗಿ ಹಾಸುವಷ್ಟು ಜಾಗ ಸ್ವಚ್ಛ ಆತು. ಕಿತ್ತದ್ದನ್ನ ಹಗ್ಗದ ದಂಡಿಗೆ ಸಣ್ಣ ಗುಡ್ಡಿ ಹಾಕಿ ಬೆನ್ನು ನೆಟ್ಟಗ ಮಾಡಿ, ಈಗರ ನೋಡ್ಲಿ ಅಂತ ಅವರ ಕಡೆ ತಿರುಗಿದೆ.

ಇಂಗ್ರಿಡ್ ನೋಡಿದ್ಲು. "ನೇಯ್!" ಅಂತ ಒದರಿದ್ಲು. ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಓಡಿ ಬಂದ್ಲು. ಹಗ್ಗದ ಹತ್ರ ಬಂದು ಗಕ್ಕನ ನಿಂತ್ಲು, ಒಳಗ ಕಾಲಿಡಲಿಲ್ಲ. ನನ್ನ ಗುಡ್ಡಿಯಿಂದ ಒಂದು ಗಿಡ ಎತ್ತಿ ಬೇರು ನೋಡಿದ್ಲು, ಕೆಳಗ ಇಟ್ಲು, ಮತ್ತೊಂದು ಎತ್ತಿದ್ಲು. ಕಿವಿ ಕೆಂಪಾಗಿದ್ವು. ಆಮ್ಯಾಲೆ ನಮಗ ಬೆನ್ನು ಮಾಡಿ ದೂರ ಹೋಗಿ ನಿಂತ್ಲು.

ಶಾರದಾ ಮೇಡಮ್ಮ ನನ್ನ ಮುಂದ ಬಂದು ನಿಂತ್ಲು. ಆ ಮಾರಿ ನಾ ಎಂದೂ ನೋಡಿರಲಿಲ್ಲ.

"ಏನ್ ಮಾಡಿದಿ ನೀಲವ್ವಾ! ಹಗ್ಗ ಕಾಣೂದಿಲ್ಲೇನು? ಕಣ್ಣಿಲ್ಲೇನು ನಿನಗ? ಈ ಇಂಗ್ರಿಡ್ ಕೆಲಸಕ್ಕ ಸೇರಿದಾಗ ಹುಡುಗಿ. ಆಗಿಂದ ಇಲ್ಲೀತನಕ ಈ ಹೊಲಕ್ಕ ಯಾರೂ ಕೈ ಹಚ್ಚಿಲ್ಲ. ಆಕಿನೂ ಹಚ್ಚಿಲ್ಲ! ಹೊರಗ ಬಾ. ಬಾ ಅಂದೆನಲ್ಲ, ಅಲ್ಲೇ ನಿಂತು ಮತ್ತ ತುಳೀಬ್ಯಾಡ!"

ಚನ್ನಪ್ಪ ದಡಬಡಿಸಿ ಎದ್ದ. "ಏನಾತು? ಹಾವೇನ?"

"ಕಸ ಕಿತ್ತೆ," ಅಂದೆ.

"ಅಷ್ಟಕ್ಕ ಇಷ್ಟು ಗದ್ದಲಾನ? ನಮ್ಮೂರಾಗಾದ್ರ ಚಹಾ ಕುಡಿಸಿ ಕಳಸ್ತಿದ್ರು!"

"ಚನ್ನಪ್ಪಾರ, ನೀವು ಸುಮ್ಮ ಕುಂದ್ರಿ," ಅಂದ್ಲು ಶಾರದಾ. ಅವ ಕುಂತ.

ನಂಗೂ ಸಿಟ್ಟು ಬಂತು. "ಹಗ್ಗ ದನಕ್ಕ ಅಂತ ತಿಳದೆ. ಬೋರ್ಡು ಓದಾಕ ಆ ಭಾಷಾ ನಂಗ ಬರತೈತೇನ? ಹಣ್ಣು ಆರಸೂಕ ಎಲ್ಲಾ ಅಡವಿ ತೆರದಿಟ್ಟು, ಕಸಾ ಕೀಳೂಕ ಹಗ್ಗ ಕಟ್ಟತಾರಂತ ನಾ ಹೆಂಗ ತಿಳೀಬೇಕು?"

"ಕೇಳಬೇಕಾಗಿತ್ತು," ಅಂದ್ಲು. ಖರೇನ ಅದು. ಕಸ ಕೀಳೂಕ ಯಾರ ಅಪ್ಪಣಿನೂ ಕೇಳಿ ಗೊತ್ತಿರಲಿಲ್ಲ ನಂಗ.

ಇಂಗ್ರಿಡ್ ತಿರುಗಿ ಬಂದ್ಲು. ನನ್ನ ಸೀರಿಗೆ ಆ ಹತ್ತಿಯಂಥಾ ಬೀಜ ಹತ್ತಿದ್ವು. ನನ್ನ ಹಗ್ಗದ ಬಾಜೂಕ ನಿಲ್ಲಿಸಿ, ಒಂದ ಒಂದ ಬೀಜ ಸೀರಿಯಿಂದ ಬಿಡಿಸಿ, ಕೈ ಚಾಚಿ ಹಗ್ಗದ ಒಳಗ ಬಿಟ್ಲು. ಸೆರಗು, ನೆರಿಗಿ, ಕುಪ್ಪಸದ ತೋಳು, ಎಲ್ಲಾ ಹುಡುಕಿದ್ಲು. ಅವು ಆ ಹೊಲದ ಬೀಜ, ಹೊರಗ ಹೋಗಬಾರದು ಅಂತ. ನಾ ಕೈ ಅಗಲಿಸಿ ನಿಂತೆ. ನನ್ನ ಮೈ ಮ್ಯಾಲಿನ ಕಸಾನ್ನ ಅಷ್ಟು ಮರ್ಯಾದಿಲೆ ಯಾರೂ ತಗದಿರಲಿಲ್ಲ.

ಮರುದಿನ ಅಲ್ಲೇ

ಮುಂಜಾನೆ ಇಂಗ್ರಿಡ್ ನಾಕು ಗೂಟ, ಒಂದು ಸುತ್ತಿಗಿ ತಂದ್ಲು. ನಾ ಕಿತ್ತ ಜಾಗದ ನಾಕೂ ಮೂಲಿಗೆ ಗೂಟ ಹೊಡದು ಬಣ್ಣದ ಪಟ್ಟಿ ಕಟ್ಟಿದ್ಲು. ಒಳಗ ಹೋಗಾಕ ಹಲಗಿ ಹಾಕ್ಕೊಂಡ್ಲು, ಕಾಲು ನೆಲಕ್ಕ ಹಚ್ಚಲಿಲ್ಲ.

"ಕಿತ್ತದ್ದು ವಾಪಸ್ ಹಚ್ಚಾಕ ಬರೂದಿಲ್ಲ. ಮುಚ್ಚಿ ಇಡಾಕನೂ ಬರೂದಿಲ್ಲ," ಅಂತ ಶಾರದಾ ತಿಳಿಸಿ ಹೇಳಿದ್ಲು. "ಈ ತುಂಡು ಬ್ಯಾರೆ ಅಂತ ಗುರ್ತು ಮಾಡ್ತಾರ. ಕೈಲೆ ಕಿತ್ತ ಜಾಗದಾಗ ಏನು ಬರತೈತಿ ಅಂತ ಇನ್ನ ಮ್ಯಾಲೆ ಅದನ್ನ ಬ್ಯಾರೆನ ನೋಡ್ತಾರ. ಉಳದ ಠಾಣೆಯವರಿಗೂ ತಿಳಸ್ತಾರ."

"ದೇಶಕ್ಕೆಲ್ಲಾ ಹೇಳ್ತಾರೇನ?"

"ಹೇಳ್ಬೇಕಲ್ರಿ."

"ವೈನಿ, ಹೆಸರು ಮಾಡಿದ್ರಿ," ಅಂದ ಚನ್ನಪ್ಪ. "ನಂದು ಟೋಪಿ ಅಷ್ಟ."

ಹೊರಡೋ ಮುಂದ ಇಂಗ್ರಿಡ್ ತೂತಿನ ರೊಟ್ಟಿ ಒಂದು ಕಟ್ಟು ನನ್ನ ಕೈಯಾಗ ಇಟ್ಲು. ಏನೋ ಅಂದ್ಲು. ಶಾರದಾ ಹೇಳಾಕ ಹಿಂದ ಮುಂದ ನೋಡಿದ್ಲು.

"ಇದ್ದದ್ದು ಹೇಳು."

"ರೊಟ್ಟಿ ತಿನ್ರಿ, ಆದ್ರ ನನ್ನ ಸಿಟ್ಟು ಇನ್ನೂ ಹೋಗಿಲ್ಲ ಅಂತಾಳ್ರಿ."

"ಹೋಗಬಾರದು ಅಂತ ಹೇಳು," ಅಂದೆ.

ಇಂಗ್ರಿಡ್ ಅದನ್ನ ಕೇಳಿ ತಲಿ ಆಡಿಸಿದ್ಲು. ನಗಲಿಲ್ಲ. ನಾನೂ ನಗಲಿಲ್ಲ.

ವಾಪಸ್ ವಿಮಾನದಾಗ

ನಾ ನಡುವ, ಶಾರದಾ ಒಂದು ಕಡೆ, ಚನ್ನಪ್ಪ ಕಿಡಕಿ ಕಡೆ ಕಣ್ಣು ಮುಚ್ಚಿ ಕುಂತಿದ್ದ. ಭಾಳ ಹೊತ್ತಿನ ಮ್ಯಾಲೆ ಶಾರದಾ ಅಂದ್ಲು, "ಅವ್ವಾರ, ಅವತ್ತ ನಾ ಹಂಗ ಬೈಬಾರದಿತ್ರಿ. ತಪ್ಪಾತು."

"ಬೈದಿ ಅಂತ ನೀ ಉಳದಿ."

"ಅಂದ್ರ?"

"ಎರಡು ವರ್ಷ ಸಿಹಿ ಮಾತಾಡಿದಿ. ನಾ ನಂಬಲಿಲ್ಲ. ನಿನ್ನ ಹುಲ್ಲಿಗೆ ಯಾರಾರ ಕೈ ಹಾಕಿದ್ರ ಆಗಲೆವ್ವಾ ಅಂತ ನಕ್ಕು ಬಿಡ್ತಿ ಅಂತ ತಿಳದಿದ್ದೆ. ಈಗ ಹೇಳು. ನಮ್ಮ ಹೊಲದಾಗ ಪಂಚಾಯ್ತಿ ಮೆಂಬರು ಕುರಿ ಬಿಟ್ರ ಹಂಗ ಬೈತೀಯೇನ?"

ಆಕಿ ವಿಚಾರ ಮಾಡಿದ್ಲು. ಲಗೂನ ಹೂಂ ಅನ್ನಲಿಲ್ಲ. ಅದು ನಂಗ ಸೇರಿತು. "ಬೈತೀನಿ," ಅಂದ್ಲು.

"ನಾ ಕಾಲಿಟ್ರ?"

"ನಿಮಗೂ ಬೈತೀನಿ."

"ಚನ್ನಪ್ಪಗ?"

"ಅವರಿಗೆ ಮೊದಲ."

"ನಾ ನಿದ್ದಿ ಮಾಡಿಲ್ಲ ಮತ್ತ," ಅಂದ ಚನ್ನಪ್ಪ, ಕಣ್ಣು ತಗೀಲಾರದ.

ಕೊಡ್ತೀನಿ ಅಂತ ನಾ ಅಲ್ಲೆ ಹೇಳಲಿಲ್ಲ. ವಿಮಾನದಾಗ ಕುಂತು ಹೊಲದ ಮಾತು ಮುಗಿಸಬಾರದು, ನೆಲದ ಮ್ಯಾಲೆ ನಿಂತು ಮುಗಿಸಬೇಕು ಅನಿಸ್ತು. ಇಬ್ಬರೂ ಕೇಳಲಿಲ್ಲ.

ಮೇಡ್ಲೇರಿ, ಬಂದ ಮರುದಿನ

ಊರು ಮುಟ್ಟಿದಾಗ ಸಂಜಿ ಆಗಿತ್ತು. ರಾಣೇಬೆನ್ನೂರು ಸ್ಟ್ಯಾಂಡಿನ್ಯಾಗ ಬ್ಯಾಡಗಿ ಬಸ್ಸು ಹತ್ತೋ ಮುಂದ ಚನ್ನಪ್ಪ ಕೇಳಿದ, "ಜೆಸಿಬಿಯವಂಗ ಏನ್ ಹೇಳ್ಲಿ?"

"ಮುಂಜಾನೆ ಹೇಳ್ತೀನಿ ಅಂತ ಮಾತು ಆಗೇತಿ."

ಮರುದಿನ ಮುಂಜಾನೆ ಎದ್ದಾಕಿನ ಹೊಲಕ್ಕ ಹೋದೆ. ನಾ ಇಲ್ಲದಾಗ ಎಮ್ಮಿ ನೋಡ್ಕೊಂಡಾಕಿ ಬಾಜೂ ಮನಿ ಫಕೀರವ್ವ. ಎಮ್ಮಿ ಎರಡೂ ಹೊಲದಾಗ ಮೇಯಾಕತ್ತಿದ್ವು. ಫಕೀರವ್ವ ಕುಕ್ಕರಗಾಲಿಲೆ ಕುಂತು ಉತ್ತರಾಣಿ ಕೀಳಾಕತ್ತಿದ್ಲು, ಬೇಲಿ ಹಾಕೂಣು ಅಂತ ಶಾರದಾ ತೋರಿಸಿದ್ದ ಕಡೀನ. ಒಂದು ಹಾಸಿಗಿ ಹಾಸುವಷ್ಟು ಜಾಗ ಸ್ವಚ್ಛ ಮಾಡಿದ್ಲು. ನನ್ನ ನೋಡಿ ಹಲ್ಲು ಕಿಸದು, "ಬಂದ್ಯಾ? ಬೀಜ ಆಗಿದ್ವು, ಎಮ್ಮಿ ಬಾಯಿಗೆ ಚುಚ್ಚತಾವ ಅಂತ ಕಿತ್ತು ಒಗದೆ ನೋಡು," ಅಂದ್ಲು.

"ಏನ್ ಮಾಡಿದಿ ಫಕೀರವ್ವಾ!" ಅಂತ ಒದರಿದೆ. ಐರಣಿಗೆ ಕೇಳಿರಬೇಕು. "ಕಣ್ಣಿಲ್ಲೇನು ನಿನಗ? ಎದ್ದೇಳು. ಅಲ್ಲೇ ತುಳೀಬ್ಯಾಡ, ಬಂದ ಹೆಜ್ಜಿ ಮ್ಯಾಲೆ ಹೊರಗ ಬಾ!"

ಪಾಪ, ಆಕಿ ಬಾಯಿ ತಕ್ಕೊಂಡು ನಿಂತ್ಲು. "ಏನಾತ ನಿನಗ? ಆ ದೇಶದಾಗ ಏನಾರ ತಿಂದು ಬಂದಿಯೇನ? ಹುಲ್ಲಾಫೀಸಿಗೆ ಕೊಟ್ಟು ಬಿಟ್ಟೀಯೇನ ಹೊಲಾನ್ನ?"

"ಇನ್ನೂ ಕೊಟ್ಟಿಲ್ಲ. ಆಫೀಸಿನ ಬಾಗಿಲಾ ತಗದ ಮ್ಯಾಲೆ ಹೋಗಿ ಸಹಿ ಮಾಡ್ತೀನಿ."

"ಹಂಗಾದ್ರ ಈಗ್ಯಾಕ ಬೈತಿ?"

"ಬೈಯೂದು ಮೊದಲ ಶುರು ಆಗಬೇಕು."

ಅಲ್ಲೇ ನಿಂತು ಚನ್ನಪ್ಪಗ ಫೋನ್ ಹಚ್ಚಿದೆ. "ಜೆಸಿಬಿ ಬ್ಯಾಡ ಅಂತ ಹೇಳು," ಅಂದೆ. "ನಂಗ ವಿಮಾನದಾಗನ ಗೊತ್ತಾಗಿತ್ತು ವೈನಿ. ಅವಂಗ ನಿನ್ನೆನ ಹೇಳಿ ಬಿಟ್ಟೆ," ಅಂತ ಫೋನ್ ಇಟ್ಟ.

ಆಮ್ಯಾಲೆ ಜಾಲಿ ಟೊಂಗಿ ಮುರದು ನಾಕು ಗೂಟ ಮಾಡಿ, ಆಕಿ ಕಿತ್ತ ಜಾಗದ ಸುತ್ತ ಕಲ್ಲಿಲೆ ಹೊಡದೆ. ಫಕೀರವ್ವನ ಸೀರಿ ತುಂಬ ಉತ್ತರಾಣಿ ಬೀಜ ಹತ್ತಿದ್ವು. ಆಕಿನ್ನ ಹಿಡದು ನಿಲ್ಲಿಸಿ, ಒಂದ ಒಂದ ಬೀಜ ಬಿಡಿಸಿ ಒಳಗ ಒಗದೆ. ಲಗೂ ಬಿಡೂ ಬೀಜ ಅಲ್ಲ ಅವು. ಆಕಿ ಕೈ ಅಗಲಿಸಿ ನಿಂತು ಬೈಕೊಂತ ಇದ್ಲು, ನಾ ಆರಿಸ್ಕೊಂತ ಇದ್ದೆ. ನನ್ನ ಸೀರಿಗೆ ಹತ್ತಿದ್ದವನ್ನ ಕಡೀಕ ತಗದೆ.

ಆಮ್ಯಾಲೆ ಎಮ್ಮಿ ಎರಡನ್ನೂ ಹೊಡಕೊಂಡು ಆಚಿ ಅರ್ಧಕ್ಕ ಬಿಟ್ಟೆ. ಒಂದು ತಿರುಗಿ ಈ ಕಡೆ ಬರಾಕ ಹತ್ತಿತು. ಅದಕ್ಕೂ ಬೈದೆ.